ತೂಕವನ್ನು ಕೊನೆಯ ಸಾಲಿಗೆ ತಳ್ಳಬೇಡಿ

ಮಾನ್ಯ ಸಂಪಾದಕರಿಗೆ ವಂದನೆಗಳು.

ತಮ್ಮ ಪತ್ರಿಕೆಯ ಪುರವಣಿಯಲ್ಲಿ ಈಚೆಗೆ ಪ್ರಕಟವಾದ, ಟೆಲಿಫೋಟೊ ಝೂಮ್ ಲೆನ್ಸ್ ಕೊಳ್ಳುವವರಿಗೆ ಸಲಹೆ ನೀಡುವ ಲೇಖನವನ್ನು ಎರಡು ಸಲ ಓದಿದೆ. ಲೇಖಕರು ಶ್ರಮಪಟ್ಟು ವಿವರಗಳನ್ನು ಕಲೆಹಾಕಿದ್ದಾರೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಲೇಖನದ ಜೊತೆಗಿದ್ದ ಕೋಷ್ಟಕದಲ್ಲಿ ಚಿತ್ರದ ಸ್ಫುಟತೆಗೆ ಇಷ್ಟು ಅಂಕ, ಬೆಲೆಗೆ ಇಷ್ಟು ಅಂಕ ಎಂದು ಕೊಟ್ಟು, ತೂಕವನ್ನು 'ಇತರ ವಿವರಗಳು' ಎಂಬ ಕೊನೆಯ ಸಾಲಿಗೆ ತಳ್ಳಿ, ಅಂಕಗಳನ್ನೆಲ್ಲ ಕೂಡಿಸಿ ಒಂದು ಲೆನ್ಸನ್ನು ಮೊದಲ ಸ್ಥಾನದಲ್ಲಿ ಕೂರಿಸಿದ್ದು ಸರಿಯೆನಿಸಲಿಲ್ಲ. ಹದಿನಾರು ವರ್ಷಗಳಿಂದ ಹಕ್ಕಿಗಳ ಹಿಂದೆ ಅಲೆಯುತ್ತಿರುವ ಹವ್ಯಾಸಿ ಛಾಯಾಗ್ರಾಹಕನಾಗಿ ನಾನು ಹೇಳಬೇಕಾದದ್ದು ಇಷ್ಟೇ: ತೂಕ, ಬೆಲೆ, ಸ್ಫುಟತೆ ಎಂಬುವು ಮೂರು ಬೇರೆ ಬೇರೆ ಲೆಕ್ಕಗಳಲ್ಲ. ಅವು ಒಂದರೊಳಗೊಂದು ಹೆಣೆದುಕೊಂಡಿವೆ, ಮತ್ತು ಕೈಯಲ್ಲಿ ಹಿಡಿದು ಚಿತ್ರ ತೆಗೆಯುವವರ ಪಾಲಿಗೆ ತೂಕವೇ ಸ್ಫುಟತೆಯನ್ನು ತೀರ್ಮಾನಿಸುವ ಸಂದರ್ಭಗಳು ಬಹಳ.

ಮೊದಲಿಗೆ ಈ ಹೆಣಿಗೆಯ ಮೂಲವನ್ನು ನೋಡೋಣ. ಲೆನ್ಸಿನ ಫೋಕಲ್ ಲೆಂತನ್ನು (ದೂರದ್ದನ್ನು ಎಷ್ಟು ಹತ್ತಿರ ತರುತ್ತದೆಂದು ಹೇಳುವ ಮಿ.ಮೀ. ಅಳತೆ) ಅದರ ಎಫ್ ಸಂಖ್ಯೆಯಿಂದ ಭಾಗಿಸಿದರೆ ಬೆಳಕು ಒಳಬರುವ ಕಿಂಡಿಯ ಅಗಲ ಸಿಗುತ್ತದೆ. 200 ಮಿ.ಮೀ. ಲೆನ್ಸು ಎಫ್/4ರದ್ದಾದರೆ ಆ ಅಗಲ 50 ಮಿ.ಮೀ.; ಅದೇ 200 ಮಿ.ಮೀ. ಎಫ್/2.8 ಆದರೆ ಸುಮಾರು 71 ಮಿ.ಮೀ. 600 ಮಿ.ಮೀ. ಎಫ್/6.3 ಲೆನ್ಸಿಗೆ ಸುಮಾರು 95 ಮಿ.ಮೀ. ಬೇಕು. ಮುಂದಿನ ಗಾಜು ಹೆಚ್ಚುಕಡಿಮೆ ಇದಕ್ಕಿಂತ ಕಿರಿದಾಗಿರಲು ಸಾಧ್ಯವಿಲ್ಲ, ಮತ್ತು ಗಾಜಿನ ಅಗಲ ಹೆಚ್ಚಿದಂತೆ ಅದರ ದಪ್ಪವೂ, ಅದನ್ನು ಹಿಡಿದಿಡುವ ಕೊಳವೆಯೂ, ಅದನ್ನು ಉಜ್ಜಿ ನಯಗೊಳಿಸುವ ಖರ್ಚೂ ಹೆಚ್ಚುತ್ತವೆ. 70ರಿಂದ 200 ಮಿ.ಮೀ.ವರೆಗೆ ಝೂಮ್ ಆಗುವ, ಕ್ಯಾನನ್‌ನ ಹಳೆಯ ಇಎಫ್ 70-200 ಲೆನ್ಸುಗಳನ್ನೇ ತೆಗೆದುಕೊಳ್ಳಿ: ಕಂಪನ ನಿರೋಧಕವಿರುವ ಎಫ್/4 ಮಾದರಿಯ ಮೊದಲ ಆವೃತ್ತಿ 760 ಗ್ರಾಂ ತೂಗಿದರೆ, ಎಫ್/2.8ರ ಎರಡನೆಯ ಆವೃತ್ತಿ 1490 ಗ್ರಾಂ. ಒಳಬರುವ ಬೆಳಕು ಎರಡು ಪಟ್ಟು, ತೂಕವೂ ಬಹುತೇಕ ಎರಡು ಪಟ್ಟು, ಬೆಲೆಯೂ ಸಾಮಾನ್ಯವಾಗಿ ಅದೇ ಹಾದಿ ಹಿಡಿಯುತ್ತದೆ. ಈ ಲೆಕ್ಕ ಒಮ್ಮೆ ಮನಸ್ಸಿಗೆ ಬಂದರೆ, ಹಗುರವಾದ, ಅಗ್ಗದ, ದೊಡ್ಡ ಕಿಂಡಿಯ ಲೆನ್ಸಿಗಾಗಿ ತಿಂಗಳುಗಟ್ಟಲೆ ಹುಡುಕುವ ಕಷ್ಟ ತಪ್ಪುತ್ತದೆ, ಏಕೆಂದರೆ ಅಂಥದ್ದೊಂದು ಇರುವುದೇ ಇಲ್ಲ.

ತಯಾರಕರು ಈ ಅಂತರವನ್ನು ಸ್ವಲ್ಪ ಕಿರಿದುಗೊಳಿಸಿದ್ದಾರೆ ಎಂಬುದನ್ನೂ ಹೇಳಬೇಕು. ಸೋನಿಯ 70-200 ಎಫ್/2.8 ಲೆನ್ಸಿನ ಮೊದಲ ಆವೃತ್ತಿ 1480 ಗ್ರಾಂ ಇತ್ತು. 2021ರಲ್ಲಿ ಬಂದ ಎರಡನೆಯ ಆವೃತ್ತಿ 1045 ಗ್ರಾಂ. ನಾನೂರು ಗ್ರಾಂಗೂ ಹೆಚ್ಚು ಭಾರ ಇಳಿಯಿತು, ಸ್ಫುಟತೆ ಕುಗ್ಗಲಿಲ್ಲ. ಆದರೆ ಹಾಗೆ ಇಳಿಸಿದ ಭಾರಕ್ಕೆ ಕೊಳ್ಳುವವರೇ ಹಣ ತೆರಬೇಕಾಗುತ್ತದೆ. ಇನ್ನೊಂದು ದಾರಿ ಕಿಂಡಿಯನ್ನೇ ಚಿಕ್ಕದು ಮಾಡುವುದು. 2021ರಲ್ಲೇ ಬಂದ ಕ್ಯಾನನ್‌ನ ಆರ್‌ಎಫ್ 100-400 ಲೆನ್ಸು 400 ಮಿ.ಮೀ.ಯಲ್ಲಿ ಎಫ್/8 ಮಾತ್ರ, ಆದರೆ ತೂಗುವುದು 635 ಗ್ರಾಂ. ಹಿಂದಿನ ಇಎಫ್ 100-400ರ ಎರಡನೆಯ ಆವೃತ್ತಿ ಅದೇ ತುದಿಯಲ್ಲಿ ಎಫ್/5.6 ಇದ್ದು ಒಂದೂವರೆ ಕಿಲೊ ದಾಟುತ್ತಿತ್ತು. ಎಫ್/8 ಎಂದೊಡನೆ ಮೂಗು ಮುರಿಯುವವರು ಬಹಳ. ಹಗಲಿನ ಬೆಳಕಿನಲ್ಲಿ, ನಡೆದಾಡುತ್ತ ಚಿತ್ರ ತೆಗೆಯುವವರಿಗೆ ಅದು ಕೀಳು ಆಯ್ಕೆಯಲ್ಲವೆಂದು ನಾನು ಖಚಿತವಾಗಿ ಹೇಳಬಲ್ಲೆ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಸಿಗ್ಮಾ ಸಂಸ್ಥೆ 2014ರಲ್ಲಿ 150-600 ಮಿ.ಮೀ. ಎಫ್/5-6.3 ಲೆನ್ಸನ್ನು ಎರಡು ರೂಪಗಳಲ್ಲಿ ಘೋಷಿಸಿತು. 'ಸ್ಪೋರ್ಟ್ಸ್' ಎಂಬುದು 2860 ಗ್ರಾಂ, 'ಕಂಟೆಂಪರರಿ' ಎಂಬುದು 1930 ಗ್ರಾಂ. ಝೂಮಿನ ವ್ಯಾಪ್ತಿ ಒಂದೇ, ಎಫ್ ಸಂಖ್ಯೆ ಒಂದೇ, ತಯಾರಕರು ಒಬ್ಬರೇ. ಭಾರದ ಲೆನ್ಸಿನಲ್ಲಿ 24 ಗಾಜುಗಳು, ಹಗುರದ್ದರಲ್ಲಿ 20. ಭಾರದ್ದಕ್ಕೆ ದೂಳು ಮತ್ತು ತುಂತುರನ್ನು ತಡೆಯುವ ಕಟ್ಟು ಎಲ್ಲೆಡೆಯೂ ಇದೆ, ಹಗುರದ್ದಕ್ಕೆ ಕ್ಯಾಮೆರಾ ಸೇರುವ ಕಡೆ ಮಾತ್ರ. ಸ್ಫುಟತೆಯ ಪರೀಕ್ಷೆಗಳಲ್ಲಿ ಸ್ಪೋರ್ಟ್ಸ್ ಮುಂದಿರುತ್ತದೆ, ಅದರಲ್ಲಿ ಸಂಶಯವಿಲ್ಲ. ನನ್ನ ಗೆಳೆಯರೊಬ್ಬರು ಸ್ಪೋರ್ಟ್ಸ್ ಕೊಂಡರು, ನಾನು ಕಂಟೆಂಪರರಿ ಕೊಂಡೆ. ಹಲವು ತಿಂಗಳು ಜೊತೆಯಾಗಿ ಓಡಾಡಿದ ಮೇಲೆ ಒಂದು ಬೆಳಿಗ್ಗೆ ಕೆರೆಯ ದಂಡೆಯಲ್ಲಿ ಲೆನ್ಸುಗಳನ್ನು ಅದಲುಬದಲು ಮಾಡಿಕೊಂಡೆವು.

ಎದುರಿಗೆ ಕಪ್ಪು ಬಿಳುಪು ಮಿಂಚುಳ್ಳಿಯೊಂದು ಮೀನಿಗಾಗಿ ಹೊಂಚುತ್ತಿತ್ತು. ಈ ಹಕ್ಕಿ ನೀರಿನ ಮೇಲೆ ಗಾಳಿಯಲ್ಲೇ ನಿಂತು, ರೆಕ್ಕೆ ಬಡಿಯುತ್ತ, ಕತ್ತನ್ನು ಮಾತ್ರ ಅಲುಗಿಸದೆ ಕೆಳಗೆ ನೋಡುತ್ತದೆ. ಯಾವ ಕ್ಷಣದಲ್ಲಿ ಕಲ್ಲಿನಂತೆ ಬೀಳುವುದೋ ತಿಳಿಯದು. ಹಾಗಾಗಿ ಲೆನ್ಸನ್ನು ಕಣ್ಣಿಗೆ ಏರಿಸಿದವರು ಇಳಿಸುವಂತಿಲ್ಲ. ಕ್ಯಾಮೆರಾವೂ ಸೇರಿ ಮೂರೂವರೆ ಕಿಲೊದಷ್ಟು ಭಾರವನ್ನು ಎಡ ಅಂಗೈಯಲ್ಲಿ ಹೊತ್ತು, ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ನಿಂತೆ. ಮೊದಲಿಗೆ ಏನೂ ಅನಿಸಲಿಲ್ಲ. ಸ್ವಲ್ಪ ಹೊತ್ತಿಗೆ ಟ್ರೈಪಾಡ್ ಕಾಲರಿನ (ಲೆನ್ಸನ್ನು ಟ್ರೈಪಾಡಿಗೆ ಕೂರಿಸುವ ಬಳೆ) ಪಾದ ಅಂಗೈಯ ಮಾಂಸಕ್ಕೆ ಒತ್ತತೊಡಗಿತು, ಆಮೇಲೆ ಭುಜದ ಹಿಂಭಾಗ ಕಾಯತೊಡಗಿತು, ಕ್ಯಾಮೆರಾದ ವ್ಯೂಫೈಂಡರಿನಲ್ಲಿ ಕಾಣುವ ಹಕ್ಕಿ ಸಣ್ಣಗೆ ಮೇಲೆ ಕೆಳಗೆ ತೂಗತೊಡಗಿತು. ತೂಗುತ್ತಿದ್ದದ್ದು ಹಕ್ಕಿಯಲ್ಲ, ನನ್ನ ತೋಳು.

ಮನೆಗೆ ಬಂದು ಆ ಬೆಳಗಿನ ಚಿತ್ರಗಳನ್ನೆಲ್ಲ ತೆಗೆದ ಸಮಯದ ಕ್ರಮದಲ್ಲಿ ಜೋಡಿಸಿ, ಒಂದೊಂದನ್ನೂ ಪೂರ್ಣ ಗಾತ್ರದಲ್ಲಿ ನೋಡಿದೆ. ಮೊದಲ ಇಪ್ಪತ್ತು ನಿಮಿಷಗಳ ಚಿತ್ರಗಳಲ್ಲಿ ಹಕ್ಕಿಯ ಕಣ್ಣೊಳಗಿನ ಬೆಳಕಿನ ಚುಕ್ಕಿಯೂ, ಕೊಕ್ಕಿನ ಬುಡದ ಸಣ್ಣ ಗರಿಗಳೂ ಬಿಡಿಬಿಡಿಯಾಗಿ ಕಾಣುತ್ತಿದ್ದವು. ನನ್ನ ಲೆನ್ಸಿನಲ್ಲಿ ತೆಗೆದ ಅತ್ಯುತ್ತಮ ಚಿತ್ರಗಳಿಗಿಂತ ಅವು ಒಂದು ಕೂದಲೆಳೆಯಷ್ಟು ಮೇಲು ಎಂದು ಒಪ್ಪುತ್ತೇನೆ. ಆದರೆ ಅಲ್ಲಿಂದಾಚೆಗೆ ಒಂದೊಂದಾಗಿ ಮಬ್ಬು ಚಿತ್ರಗಳು ಬರತೊಡಗಿ, ಒಂದು ಗಂಟೆ ಕಳೆಯುವ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಚಿತ್ರಗಳು ಅಳಿಸಬೇಕಾದವೇ ಆಗಿದ್ದವು. ಶಟರ್ ವೇಗ (ಬೆಳಕಿಗೆ ಕ್ಯಾಮೆರಾ ತೆರೆದಿರುವ ಅವಧಿ) ಅದೇ, ಬೆಳಕು ಇನ್ನೂ ಹೆಚ್ಚಿತ್ತು, ಹಕ್ಕಿಯೂ ಅದೇ. ಬದಲಾದದ್ದು ನನ್ನ ಭುಜದ ಶಕ್ತಿ ಮಾತ್ರ. ಗೆಳೆಯರ ಕೈಯಲ್ಲಿದ್ದ ನನ್ನ ಹಗುರ ಲೆನ್ಸಿನ ಚಿತ್ರಗಳಲ್ಲಿ ಮೊದಲಿಗೂ ಕೊನೆಗೂ ಅಷ್ಟು ಅಂತರ ಕಾಣಲಿಲ್ಲ. ತಮ್ಮ ಕೋಷ್ಟಕದಲ್ಲಿರುವ ಸ್ಫುಟತೆಯ ಅಂಕ ಟ್ರೈಪಾಡಿನ ಮೇಲೆ ಕೂತ ಲೆನ್ಸಿನದು. ಅದರಲ್ಲಿ ಈ ಭುಜದ ಲೆಕ್ಕ ಸೇರಿಲ್ಲ ಎಂಬುದೇ ನನ್ನ ಆಕ್ಷೇಪ.

ಹಾಗೆಂದು ಗೆಳೆಯರ ಆಯ್ಕೆ ತಪ್ಪೆಂದು ನಾನು ಹೇಳುತ್ತಿಲ್ಲ. ಅವರು ಹೆಚ್ಚಾಗಿ ವಾಹನದ ಕಿಟಕಿಯಿಂದ, ಕಾಳಿನ ಚೀಲದ ಮೇಲೆ ಲೆನ್ಸನ್ನಿರಿಸಿ ಚಿತ್ರ ತೆಗೆಯುವವರು, ಮಳೆಯನ್ನೂ ಲೆಕ್ಕಿಸದವರು. ಅವರಿಗೆ ಆ ಹೆಚ್ಚುವರಿ 930 ಗ್ರಾಂ ಭಾರವೇ ಅಲ್ಲ, ಆ ಕಟ್ಟುಮಸ್ತಾದ ರಚನೆ ಬೇಕೇ ಬೇಕು. ನಾನು ಕಾಲ್ನಡಿಗೆಯವನು. ಒಂದೇ ಲೆನ್ಸಿಗೆ ನಾವಿಬ್ಬರೂ ಒಂದೇ ಅಂಕ ಕೊಡಲು ಸಾಧ್ಯವಿಲ್ಲದಿರುವಾಗ, ಓದುಗರೆಲ್ಲರ ಪರವಾಗಿ ಒಬ್ಬರೇ ಅಂಕ ಕೊಟ್ಟು ಮೊದಲ ಸ್ಥಾನ ಘೋಷಿಸುವುದು ಹೇಗೆ?

ಕಂಪನ ನಿರೋಧಕ ವ್ಯವಸ್ಥೆ ಇರುವಾಗ ತೋಳಿನ ನಡುಕದ ಮಾತೇಕೆ ಎಂದು ಯಾರಾದರೂ ಕೇಳಬಹುದು. ಕೈಯಲ್ಲಿ ಹಿಡಿದಾಗ ಶಟರ್ ವೇಗ ಫೋಕಲ್ ಲೆಂತಿನ ವಿಲೋಮಕ್ಕಿಂತ ಕಡಿಮೆಯಾಗಬಾರದು ಎಂಬುದು ಹಳೆಯ ರೂಢಿ, 600 ಮಿ.ಮೀ.ಗೆ 1/600 ಸೆಕೆಂಡು, ಸಣ್ಣ ಸೆನ್ಸರಿನ ಕ್ಯಾಮೆರಾದಲ್ಲಿ ಸುಮಾರು 1/1000. ನಾಲ್ಕು ಸ್ಟಾಪಿನ (ಒಂದು ಸ್ಟಾಪ್ ಎಂದರೆ ಶಟರ್ ಎರಡು ಪಟ್ಟು ಹೊತ್ತು ತೆರೆದಿರುವುದು) ಕಂಪನ ನಿರೋಧಕವು ಕಾಗದದ ಮೇಲೆ ಈ 1/1000ವನ್ನು ಸುಮಾರು 1/60ಕ್ಕೆ ಇಳಿಸುತ್ತದೆ. ಕೊಂಬೆಯ ಮೇಲೆ ನಿದ್ದೆ ಮಾಡುವ ಗೂಬೆಗೆ ಅದು ವರದಾನವೇ ಸರಿ. ಆದರೆ ಅದು ತಡೆಯುವುದು ನಮ್ಮ ಕೈಯ ನಡುಕವನ್ನು, ಹಕ್ಕಿಯ ಚಲನೆಯನ್ನಲ್ಲ. 1/60 ಸೆಕೆಂಡಿನಲ್ಲಿ ಮಿಂಚುಳ್ಳಿಯ ರೆಕ್ಕೆ ಎಲ್ಲಿಂದ ಎಲ್ಲಿಗೋ ಹೋಗಿರುತ್ತದೆ. ಮೇಲಾಗಿ, ದಣಿದ ತೋಳು ಬರಿದೇ ನಡುಗುವುದಿಲ್ಲ, ಅದು ವಾಲುತ್ತದೆ. ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 600 ಮಿ.ಮೀ. ಲೆನ್ಸು ನೋಡುವುದು ಓರೆಗೆ ಅಳೆದರೆ ಕೇವಲ ನಾಲ್ಕು ಡಿಗ್ರಿಯಷ್ಟು ಆಕಾಶವನ್ನು. ಕೈ ಸ್ವಲ್ಪ ಜಾರಿದರೆ ಫೋಕಸಿನ ಚೌಕ ಹಕ್ಕಿಯನ್ನು ಬಿಟ್ಟು ಹಿಂದಿನ ಜೊಂಡಿಗೆ ಹಿಡಿದುಕೊಳ್ಳುತ್ತದೆ. ಮಬ್ಬಾದ ಚಿತ್ರಕ್ಕೆ ನಾವು ಗಾಜನ್ನು ದೂರುತ್ತೇವೆ.

ಲೇಖನದಲ್ಲಿ ತೂಕ ಎಂದು ಅಚ್ಚಾದ ಅಂಕಿಗಳೂ ಒಂದೇ ಅಳತೆಯವಲ್ಲ. ಕೆಲವು ಲೆನ್ಸುಗಳಿಗೆ ಟ್ರೈಪಾಡ್ ಕಾಲರ್ ಸೇರಿಸಿದ ತೂಕವನ್ನೂ ಕೆಲವಕ್ಕೆ ಬಿಟ್ಟ ತೂಕವನ್ನೂ ಕೊಡಲಾಗಿದೆ. ನಿಕಾನ್ 200-500 ಕಾಲರ್ ಸಹಿತ 2300 ಗ್ರಾಂ, ಇಲ್ಲದೆ 2090. ಅದೇ ಸಂಸ್ಥೆಯ ಝಡ್ 180-600 ಸಹಿತ 2140, ಇಲ್ಲದೆ 1955. ಕ್ಯಾನನ್ ಆರ್‌ಎಫ್ 100-500 ಸಹಿತ 1525, ಇಲ್ಲದೆ 1365. ಒಂದನ್ನು ಸಹಿತವೆಂದೂ ಇನ್ನೊಂದನ್ನು ರಹಿತವೆಂದೂ ಬರೆದರೆ ಇನ್ನೂರು ಗ್ರಾಂನಷ್ಟು ಸುಳ್ಳು ಅಂತರ ಹುಟ್ಟಿಕೊಳ್ಳುತ್ತದೆ.

ಒಟ್ಟು ತೂಕಕ್ಕಿಂತಲೂ ಅದು ಎಲ್ಲಿ ಕೂತಿದೆ ಎಂಬುದು ಮುಖ್ಯವಾಗುವುದೂ ಉಂಟು. ಝೂಮ್ ಮಾಡಿದಾಗ ಉದ್ದಕ್ಕೆ ಚಾಚಿಕೊಳ್ಳುವ ಲೆನ್ಸಿನಲ್ಲಿ ಮುಂದಿನ ದೊಡ್ಡ ಗಾಜು ಕೈಯಿಂದ ದೂರ ಸರಿದು ಮೂತಿ ಕೆಳಗೆ ಜಗ್ಗುತ್ತದೆ. ಸೋನಿ 200-600 ಮತ್ತು ನಿಕಾನ್ ಝಡ್ 180-600 ಒಳಗೊಳಗೇ ಝೂಮ್ ಆಗುವುದರಿಂದ ಅವುಗಳ ಸಮತೋಲ ಹೆಚ್ಚು ಬದಲಾಗುವುದಿಲ್ಲ. ಅವೆರಡೂ ಎರಡು ಕಿಲೊದ ಆಸುಪಾಸಿನವೇ ಆದರೂ ಹಿಡಿದಾಗ ಅಷ್ಟು ಭಾರವೆನಿಸದಿರಲು ಇದೇ ಕಾರಣ. ಆದರೆ ಚೀಲದೊಳಗೆ ಅವು ಚಿಕ್ಕದಾಗುವುದಿಲ್ಲ. ಚಾಚುವ ಲೆನ್ಸು ಮಡಚಿದಾಗ ಸಣ್ಣ ಚೀಲದಲ್ಲಿ ಕೂರುತ್ತದೆ. ದೂರ ನಡೆಯುವವರಿಗೆ ಇದೂ ಒಂದು ಲೆಕ್ಕ.

ಸ್ಫುಟತೆಯ ಬಗ್ಗೆ ಎರಡು ಮಾತು ವಿವರವಾಗಿಯೇ ಹೇಳಬೇಕಾಗಿದೆ, ಏಕೆಂದರೆ ಕೊಳ್ಳುವವರು ಹೆಚ್ಚು ದಾರಿತಪ್ಪುವುದು ಇಲ್ಲಿಯೇ. ತಯಾರಕರು ಕೊಡುವ ಎಂಟಿಎಫ್ ನಕ್ಷೆಯಲ್ಲಿ (ಲೆನ್ಸು ವಿವರಗಳನ್ನು ಎಷ್ಟು ಚೆನ್ನಾಗಿ ಮೂಡಿಸುತ್ತದೆಂದು ತೋರಿಸುವ ರೇಖಾಚಿತ್ರ) ಸಾಮಾನ್ಯವಾಗಿ ಮಿಲಿಮೀಟರಿಗೆ 10 ಗೆರೆ ಮತ್ತು 30 ಗೆರೆಗಳ ಎರಡು ಬಗೆಯ ರೇಖೆಗಳಿರುತ್ತವೆ. ಮೊದಲನೆಯದು ಚಿತ್ರದ ಒಟ್ಟು ಕಾಂಟ್ರಾಸ್ಟನ್ನು, ಎರಡನೆಯದು ಸೂಕ್ಷ್ಮ ವಿವರವನ್ನು ಸೂಚಿಸುತ್ತದೆ. ಇವುಗಳಲ್ಲಿ ಹಲವು ನಕ್ಷೆಗಳು ವಿನ್ಯಾಸದ ಗಣಿತದಿಂದ ತೆಗೆದವೇ ಹೊರತು ತಯಾರಾದ ಲೆನ್ಸನ್ನು ಅಳೆದು ಬರೆದವಲ್ಲ. ಹಾಗಾಗಿ ಬೇರೆ ಬೇರೆ ಸಂಸ್ಥೆಗಳ ನಕ್ಷೆಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸುವುದರಲ್ಲಿ ಅರ್ಥವಿಲ್ಲ. ಎರಡನೆಯದಾಗಿ, ಝೂಮ್ ಲೆನ್ಸಿನ ಸರಾಸರಿ ಅಂಕದಿಂದ ಹಕ್ಕಿಗಳ ಚಿತ್ರ ತೆಗೆಯುವವರಿಗೆ ಉಪಯೋಗವಿಲ್ಲ. ನಾನು ನನ್ನ ಒಂದು ವರ್ಷದ ಚಿತ್ರಗಳ ವಿವರಗಳನ್ನು ತೆರೆದು ನೋಡಿದಾಗ, ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಚಿತ್ರಗಳು ಝೂಮಿನ ಕೊನೆಯ ತುದಿಯಲ್ಲೇ ತೆಗೆದವಾಗಿದ್ದವು. ಈ ದರ್ಜೆಯ ಅನೇಕ ಝೂಮ್‌ಗಳು ದುರ್ಬಲವಾಗುವುದು ಆ ತುದಿಯಲ್ಲೇ. ಪೂರ್ತಿ ತೆರೆದ ಕಿಂಡಿಯಲ್ಲಿ ತುಸು ಮೆತ್ತಗಿದ್ದು, ಎಫ್/8ಕ್ಕೆ ಇಳಿಸಿದಾಗ ಬಿಗಿಯಾಗುತ್ತವೆ. 150 ಮಿ.ಮೀ.ಯಲ್ಲಿ ಅವು ಎಷ್ಟು ಚೆನ್ನಾಗಿವೆ ಎಂಬುದು ನನಗೆ ಬೇಕಾಗಿಲ್ಲ. ಪ್ರತಿಯೊಬ್ಬರೂ ಹೊಸ ಲೆನ್ಸಿಗೆ ಹಣ ಕೂಡಿಡುವ ಮುನ್ನ ತಮ್ಮ ಹಳೆಯ ಚಿತ್ರಗಳಲ್ಲಿ ಈ ಲೆಕ್ಕವನ್ನು ತೆಗೆಯಬೇಕೆಂದು ಮನಸಾರೆ ಕೇಳಿಕೊಳ್ಳುತ್ತೇನೆ. ಎಲ್ಲ ಚಿತ್ರಗಳೂ ತುದಿಯಲ್ಲೇ ಇದ್ದರೆ ಝೂಮ್ ಬೇಕೇ ಎಂದೂ ಕೇಳಿಕೊಳ್ಳಬಹುದು: 2018ರಲ್ಲಿ ಬಂದ ನಿಕಾನ್‌ನ 500 ಮಿ.ಮೀ. ಎಫ್/5.6 ಪಿಎಫ್ ಲೆನ್ಸು ಝೂಮ್ ಅಲ್ಲ, ಆದರೆ 1460 ಗ್ರಾಂ ಮಾತ್ರ. ಬೆಲೆಯಲ್ಲಿ ಮಾತ್ರ ಅದು 200-500ಕ್ಕಿಂತ ಬಹಳ ಮೇಲಿದೆ.

ಇದರೊಂದಿಗೇ ಇನ್ನೊಂದು ಪ್ರಶ್ನೆ ಬರುತ್ತದೆ: ಬಹಳ ಸ್ಫುಟವಾದ 400 ಮಿ.ಮೀ. ಮೇಲೋ, ತುಸು ಮೆತ್ತಗಿನ 600 ಮಿ.ಮೀ. ಮೇಲೋ? ಅದೇ ಕ್ಯಾಮೆರಾದಲ್ಲಿ, ಅದೇ ಜಾಗದಿಂದ ತೆಗೆದಾಗ 600ರಲ್ಲಿ ಹಕ್ಕಿಯ ಮೇಲೆ ಬೀಳುವ ಪಿಕ್ಸೆಲ್‌ಗಳು 400ರದ್ದಕ್ಕಿಂತ 2.25 ಪಟ್ಟು. ಅಂದರೆ 24 ಮೆಗಾಪಿಕ್ಸೆಲ್ ಚಿತ್ರವನ್ನು 400ರಿಂದ 600ರಷ್ಟು ಕತ್ತರಿಸಿಕೊಂಡರೆ ಉಳಿಯುವುದು ಹನ್ನೊಂದು ಮೆಗಾಪಿಕ್ಸೆಲ್‌ಗೂ ಕಡಿಮೆ. ಕೆರೆಯಾಚೆಯ ಸಣ್ಣ ಹಕ್ಕಿಗೆ ಮೆತ್ತಗಿನ 600ರಲ್ಲೇ ಹೆಚ್ಚು ವಿವರ ಸಿಗುವುದನ್ನು ನಾನು ಕಂಡಿದ್ದೇನೆ. ಆದರೆ ಹತ್ತಿರದ ದೊಡ್ಡ ಪ್ರಾಣಿಗಳಿಗೆ, ಮೈದಾನದ ಆಟಗಳಿಗೆ ಒಂದೂವರೆ ಕಿಲೊದೊಳಗಿನ 100-400 ಎಷ್ಟೋ ಸುಖ. ಇನ್ನು ಬಿಸಿಲೇರಿದ ಮೇಲೆ ನೆಲದಿಂದ ಝಳ ಎದ್ದು ಗಾಳಿಯೇ ಅಲೆಅಲೆಯಾಗಿ ಕುಣಿಯುವಾಗ ಎಂತಹ ದುಬಾರಿ ಲೆನ್ಸೂ ದೂರದ ಹಕ್ಕಿಯನ್ನು ಸ್ಫುಟವಾಗಿ ಹಿಡಿಯಲಾರದು. ಅಂಥ ಹೊತ್ತಿನ ಚಿತ್ರಗಳನ್ನು ನೋಡಿ ಒಳ್ಳೆಯ ಲೆನ್ಸನ್ನು ಮಾರಿಬಿಟ್ಟವರನ್ನೂ ನಾನು ಬಲ್ಲೆ.

ಬೆಲೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಚಿಕ್ಕದು. ಚಿತ್ರದ ನಡುಭಾಗದ ಸ್ಫುಟತೆಗಾಗಿ ಮಾತ್ರ ಎರಡು ಮೂರು ಪಟ್ಟು ಹಣ ಕೊಡುವ ಅಗತ್ಯ ಈಗ ಕಡಿಮೆಯಾಗಿದೆ. ಹೆಚ್ಚು ಹಣಕ್ಕೆ ನಿಜವಾಗಿ ಸಿಗುವುದು ಮಂದ ಬೆಳಕಿನಲ್ಲಿ ನೆರವಾಗುವ ದೊಡ್ಡ ಕಿಂಡಿ, ಚುರುಕಾದ ಫೋಕಸು, ಮಳೆ ದೂಳುಗಳಿಂದ ರಕ್ಷಣೆ, ಮತ್ತು ಅಂಚಿನಲ್ಲಿ ನೇರಳೆ ಹಸಿರು ಗೆರೆ ಮೂಡದಂತೆ ತಡೆಯುವ ವಿಶೇಷ ಗಾಜು. ಕೊನೆಯದಂತೂ ಹಳೆಯ ಕಥೆ. ಕ್ಯಾನನ್ 1969ರಲ್ಲಿ 300 ಮಿ.ಮೀ. ಲೆನ್ಸೊಂದರಲ್ಲಿ ಕೃತಕ ಫ್ಲೋರೈಟ್ ಎಂಬ ಹರಳನ್ನು ಬಳಸಿದ್ದು ಈ ಬಣ್ಣದ ಗೆರೆಯನ್ನು ನೀಗಲೆಂದೇ. ಇವುಗಳಲ್ಲಿ ಯಾವುದು ತಮಗೆ ಬೇಕೆಂದು ತಿಳಿದವರು ಹಣ ಕೊಡಲಿ.

ಬೆಲೆ ಎಷ್ಟೇ ಇರಲಿ, ಕೈಗೆ ಬಂದ ಲೆನ್ಸನ್ನು ಪರೀಕ್ಷಿಸದೆ ಬಿಡಬಾರದು. ಇದನ್ನು ನಾನು ನಷ್ಟಪಟ್ಟು ಕಲಿತೆ. ನನ್ನ ಮೊದಲ ಟೆಲಿಝೂಮ್‌ನಲ್ಲಿ ಬಲಗಡೆ ಕೂತ ಹಕ್ಕಿಗಳೆಲ್ಲ ಮಂಕಾಗಿ ಬರುತ್ತಿದ್ದವು. ನನ್ನದೇ ತಪ್ಪೆಂದು ಎರಡು ವರ್ಷ ತಿದ್ದಿಕೊಳ್ಳಲು ಹೆಣಗಿದೆ. ಕೊನೆಗೊಂದು ದಿನ ತಮ್ಮ ಪತ್ರಿಕೆಯ ವರ್ಗೀಕೃತ ಜಾಹೀರಾತಿನ ಎರಡು ಪುಟಗಳನ್ನು ಗೋಡೆಗೆ ಸಮವಾಗಿ ಅಂಟಿಸಿ, ಅವು ಚೌಕಟ್ಟನ್ನು ತುಂಬುವಷ್ಟು ದೂರದಲ್ಲಿ ಟ್ರೈಪಾಡ್ ನಿಲ್ಲಿಸಿ, ಕಂಪನ ನಿರೋಧಕವನ್ನು ಆರಿಸಿ, ಎರಡು ಸೆಕೆಂಡಿನ ಟೈಮರಿನಲ್ಲಿ ಚಿತ್ರ ತೆಗೆದೆ. ಎಡ ಅಂಚಿನಲ್ಲಿ ಒತ್ತಕ್ಷರಗಳ ಬಾಲವೂ ಬಿಡಿಯಾಗಿ ಓದಲು ಬರುತ್ತಿತ್ತು, ಬಲ ಅಂಚಿನಲ್ಲಿ ಅಕ್ಷರಗಳು ನೀರು ಬಿದ್ದ ಶಾಯಿಯಂತೆ ಕಲಸಿಹೋಗಿದ್ದವು. ಒಳಗಿನ ಗಾಜೊಂದು ಮಧ್ಯರೇಖೆಯಿಂದ ಸರಿದು ಕೂತಿತ್ತು. ಮಾರಿದ ಅಂಗಡಿಯವರು ವಾರಂಟಿ ಮುಗಿದಿದೆ ಎಂದು ಕೈಚೆಲ್ಲಿದರು. ಕೊಂಡ ಮೊದಲ ವಾರದಲ್ಲೇ ಆ ಕಾಗದ ಅಂಟಿಸಿದ್ದರೆ ಲೆನ್ಸು ಬದಲಾಗುತ್ತಿತ್ತು. ಒಂದೇ ಮಾದರಿಯ ಎರಡು ಲೆನ್ಸುಗಳ ನಡುವಿನ ಅಂತರ ಕೆಲವೊಮ್ಮೆ ಎರಡು ಮಾದರಿಗಳ ನಡುವಿನ ಅಂತರಕ್ಕಿಂತ ದೊಡ್ಡದಿರುತ್ತದೆ ಎಂಬುದನ್ನು ಯಾವ ಅಂಕಪಟ್ಟಿಯೂ ಹೇಳುವುದಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟು. ಮುಂದೆ ಇಂತಹ ಲೇಖನ ಪ್ರಕಟಿಸುವಾಗ ಪ್ರತಿ ಲೆನ್ಸಿನ ತೂಕವನ್ನು ಕಾಲರ್ ಸಹಿತವೋ ರಹಿತವೋ ಎಂದು ನಮೂದಿಸಿ ಹೆಸರಿನ ಪಕ್ಕದಲ್ಲೇ ಅಚ್ಚುಹಾಕಿಸಿ. ಝೂಮಿನ ಕೊನೆಯ ತುದಿಯಲ್ಲಿ, ಪೂರ್ತಿ ತೆರೆದ ಕಿಂಡಿಯಲ್ಲಿ, ಕೈಯಲ್ಲಿ ಹಿಡಿದು ತೆಗೆದ ಒಂದು ಚಿತ್ರವನ್ನಾದರೂ ಕೊಡಿ. ಪರೀಕ್ಷಿಸಿದ್ದು ಒಂದೇ ಲೆನ್ಸೋ ಹಲವೋ ಎಂಬುದನ್ನು ಲೇಖಕರು ತಿಳಿಸಲಿ. ಸಾಧ್ಯವಾದರೆ ಲೆನ್ಸನ್ನು ಒಂದು ಗಂಟೆ ಕೈಯಲ್ಲಿ ಹೊತ್ತು ನಿಂತವರ ಅನುಭವವನ್ನೂ ನಾಲ್ಕು ಸಾಲಿನಲ್ಲಿ ಸೇರಿಸಿ. ಅಂಗಡಿಯ ಮೇಜಿನ ಮುಂದೆ ಎರಡು ನಿಮಿಷ ಎತ್ತಿ ನೋಡುವ ಓದುಗರಿಗೆ ಆ ಅನುಭವ ಬೇರೆಲ್ಲಿಯೂ ಸಿಗುವುದಿಲ್ಲ.

ತಮ್ಮ ವಿಶ್ವಾಸಿ,
ಒಬ್ಬ ಹವ್ಯಾಸಿ ಪಕ್ಷಿ ಛಾಯಾಗ್ರಾಹಕ